ಮೂವತ್ತೊಂದು ಗಂಟೆಯ ಬ್ಯಾಕಪ್

ನಾದಿನಿಯಾದವಳು ಅತ್ತಿಗೆಯನ್ನು ಹೊಗಳಿ ಬರೆದಳು ಅಂದರೆ ಯಾರೂ ನಂಬುವುದಿಲ್ಲ. ನಂಬಬೇಡಿ, ನಾನು ಹೊಗಳುವುದಕ್ಕೆ ಕೂತಿಲ್ಲ. ನನ್ನ ಅಣ್ಣನ ಹೆಂಡತಿ ಎಂಥ ಹಟಮಾರಿ ಎಂಬುದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ, ಅಷ್ಟೇ. ಆಸ್ಪತ್ರೆಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಉಡ’ ಅನ್ನುತ್ತಾರೆ. ಹಿಡಿದರೆ ಬಿಡುವುದಿಲ್ಲ, ಉಡದ ಪಟ್ಟು. ಆ ಹೆಸರಿಟ್ಟವಳು ನಾನೇ. ಅದು ಅವರಿಗೂ ಗೊತ್ತು.

ನಮ್ಮಿಬ್ಬರದೂ ಒಂದೇ ಆಸ್ಪತ್ರೆಯಲ್ಲಿ ಕೆಲಸ. ನಾನು ಕೆಳಗೆ ಚೀಟಿ ಕೊಡುವ ಕೌಂಟರಿನಲ್ಲಿ. ಅವರು ಎರಡನೇ ಮಹಡಿಯ ಕೊನೆಗಿರುವ ಕಿಟಕಿಯಿಲ್ಲದ ಕೋಣೆಯಲ್ಲಿ. ಆ ಕೋಣೆಯ ಗೋಡೆ, ಬಾಗಿಲು, ಛಾವಣಿಗೆಲ್ಲ ಬೂದುಬಣ್ಣದ ಸ್ಪಂಜು ಅಂಟಿಸಿದ್ದಾರೆ. ಗಂಟಲಿನ ಆಪರೇಷನ್ ಆಗಿ ದನಿ ಕಳೆದುಕೊಳ್ಳಲಿರುವವರು ಅದಕ್ಕೆ ಮೊದಲು ಅಲ್ಲಿಗೆ ಬಂದು, ಮೈಕಿನ ಮುಂದೆ ಕೂತು ಸಾವಿರದ ಆರುನೂರು ವಾಕ್ಯ ಓದಬೇಕು. ಅತ್ತಿಗೆ ಅದನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಒಬ್ಬರ ಓದು ಮುಗಿದ ಮೇಲೆ ಬ್ಯಾಕಪ್ ತೆಗೆದು, ಅದರದೊಂದು ಪ್ರತಿಯನ್ನು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನವರು ಅದರಿಂದ ದನಿ ಕಟ್ಟಿಕೊಡುತ್ತಾರೆ. ಆಮೇಲೆ ರೋಗಿ ಅಂಗೈಯಗಲದ ಯಂತ್ರದಲ್ಲಿ ಏನು ಟೈಪ್ ಮಾಡಿದರೂ ಅದು ಅವರದೇ ದನಿಯಲ್ಲಿ ಹೇಳುತ್ತದೆ.

ಈ ಕೋಣೆಗೆ ಬರುವ ಮುಂಚೆ ಅತ್ತಿಗೆ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿದ್ದರು. ಹದಿನಾಲ್ಕು ವರ್ಷ ತಂತಿಯೊಳಗಿನ ಗುಸುಗುಸು ಕೇಳಿ ಕೇಳಿ ಅವರ ಕಿವಿ ಹಾವಿನ ಕಿವಿಯಾಗಿದೆ. ಪಕ್ಕದ ಮನೆಯವರು ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ ಎಂದು ಊಟದ ನಡುವೆ ಎದ್ದುಹೋಗಿ ಅವರ ಬಾಗಿಲು ಬಡಿದ ಹೆಂಗಸು ಇವರು. ರೆಕಾರ್ಡಿಂಗ್ ಕೋಣೆಯಲ್ಲಂತೂ ಕೇಳಬೇಡಿ. ಬಳೆ ಬಿಚ್ಚಿಡಬೇಕು, ಗಡಿಯಾರ ಹೊರಗಿಡಬೇಕು, ಕಾಲು ಅಲ್ಲಾಡಿಸಬಾರದು. ಒಮ್ಮೆ ನನ್ನ ಹೊಟ್ಟೆ ಗುರ್ರ್ ಅಂದಿದ್ದಕ್ಕೆ ಕೈಹಿಡಿದು ಆಚೆ ಬಿಟ್ಟಿದ್ದರು. ಹಸಿದವಳಿಗೆ ಒಂದು ಬಿಸ್ಕತ್ತು ಕೊಡಬೇಕು ಅಂತ ತೋಚಲಿಲ್ಲ ಮಹಾತಾಯಿಗೆ!

ಹೀಗಿರುವಾಗ ಹರಾಜಿನವರು ಬಂದರು. ತರಕಾರಿ ಮಾರುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಹರಾಜು ಕೂಗಿದವರು. ಗಂಟಲಲ್ಲಿ ಗಡ್ಡೆ ಬೆಳೆದು ದನಿ ಸ್ವಲ್ಪ ಒಡೆದಿತ್ತು. ಆದರೂ ಅವರು “ಚೀಟಿ ಕೊಡಮ್ಮಾ” ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಮಲಗಿದ್ದ ಕೂಸು ಬೆಚ್ಚಿ ಅತ್ತಿತು. ಅವರ ತೋಳು ಹಿಡಿದು ಹೆಂಡತಿ ನಿಂತಿದ್ದರು. ಆಕೆಗೆ ಕಣ್ಣು ಹೋಗಿ ಹನ್ನೆರಡು ವರ್ಷವಾಗಿತ್ತು.

“ಈ ದನಿ ಹಿಡಿದಿಡೋ ಕೆಲಸ ನಂಗೋಸ್ಕರ ಅಲ್ಲಮ್ಮ. ಉಳಿದೋರಿಗೆಲ್ಲ ಕಾಗದದ ಮೇಲೆ ಬರೆದು ತೋರಿಸ್ತೀನಿ. ಇವಳಿಗೆ ಏನಂತ ತೋರಿಸ್ಲಿ?” ಅಂದರು ಹರಾಜಿನವರು.

ನಾನು ಚೀಟಿಯ ಮೇಲೆ ಎರಡು ಸಲ ಮೊಹರು ಒತ್ತಿದೆ. ಮೇಲೆ ಅತ್ತಿಗೆ ಮಾತ್ರ ಆಕೆಯ ಕೈ ಹಿಡಿದುಕೊಂಡು, “ಇವರ ದನಿ ನಿಮಗೆ ವಾಪಸ್ ಕೊಡೋದು ನನ್ನ ಜವಾಬ್ದಾರಿ” ಎಂದು ಮಾತು ಕೊಟ್ಟೇಬಿಟ್ಟರಂತೆ. ಹರಾಜಿನವರು ಒಂಬತ್ತು ದಿನ ಓದಿದರು. ಹತ್ತನೆಯ ದಿನ ಸೋಮವಾರ ಆಪರೇಷನ್. ಗಡ್ಡೆಯ ಜೊತೆ ದನಿಪೆಟ್ಟಿಗೆಯನ್ನೂ ತೆಗೆದರು.

ಮಂಗಳವಾರ ಬೆಳಿಗ್ಗೆ ಅತ್ತಿಗೆ ಬ್ಯಾಕಪ್ಪಿಗೆ ಕೂತರು. ಯಾವಾಗಲೂ ಐವತ್ತು ನಿಮಿಷದ ಕೆಲಸ. ಪರದೆಯ ಮೇಲೆ ಬಂದದ್ದು: ಉಳಿದಿರುವ ಸಮಯ ಮೂವತ್ತೊಂದು ಗಂಟೆ. ಹರಾಜಿನವರ ಓದು ಶುರುವಾಗುವ ಹಿಂದಿನ ದಿನವಷ್ಟೇ ಕಂಪ್ಯೂಟರ್ ವಿಭಾಗದವನು ಬಂದು ಇಡೀ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿ ಹೋಗಿದ್ದ. ಆಮೇಲೆ ಇದೇ ಮೊದಲ ಬ್ಯಾಕಪ್. ಸಾಲದ್ದಕ್ಕೆ ಕಂಪ್ಯೂಟರಿನೊಳಗಿನ ಡಿಸ್ಕು ಟಿಕ್, ಟಿಕ್ ಎನ್ನತೊಡಗಿತ್ತು. ಬೇರೆ ಯಾರಿಗೂ ಕೇಳದು, ಅತ್ತಿಗೆಗೆ ಕೇಳಿತು.

ಕಂಪ್ಯೂಟರ್ ವಿಭಾಗದವನ ಹೆಸರೇ ಆಸ್ಪತ್ರೆಯಲ್ಲಿ ‘ರೀಸ್ಟಾರ್ಟ್’. ನೀರು ಬರಲಿಲ್ಲ ಅಂದರೂ ಅವನು ಅದನ್ನೇ ಹೇಳುವ ಪೈಕಿ.

“ರೀಸ್ಟಾರ್ಟ್ ಮಾಡಿದ್ರಾ ಅಮ್ಮಾ?” ಅಂದ. ಮಾಡಿಯಾಗಿದೆ ಅಂದರು. ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದವನ ಮುಖ ಸಪ್ಪಗಾಯಿತು. “ಡಿಸ್ಕ್ ಸಾಯ್ತಾ ಇದೆ. ಎರಡು ದಿನವೋ ನಾಲ್ಕು ದಿನವೋ, ಹೇಳೋಕಾಗಲ್ಲ. ಇನ್ನು ಬ್ಯಾಕಪ್ ನಿಧಾನ ಅಂದ್ರೆ, ಹೊಸ ಸಿಸ್ಟಮ್ ಅಲ್ವಾ, ಹಾಗೇ ಇರುತ್ತೆ. ಮೂವತ್ತೊಂದು ಗಂಟೆ ಕಾಯಿರಿ.”

ಕಾಯುವುದು ಹೇಗೆ? ಆ ಭಾಗದ ವೈರಿಂಗ್ ಹಳೆಯದು, ಒಮ್ಮೆ ಹೊಗೆ ಬಂದ ಮೇಲೆ ಸಂಜೆ ಆರಕ್ಕೆ ಮೇನ್ ಸ್ವಿಚ್ ತೆಗೆಯುತ್ತಾರೆ. ನಡುವೆ ನಿಂತ ಬ್ಯಾಕಪ್ ಮತ್ತೆ ಮೊದಲಿನಿಂದ ಶುರುವಾಗಬೇಕು. ಅತ್ತಿಗೆ ಮೇಲಿನವರ ಹತ್ತಿರ ಹೋಗಿ ಕೇಳಿದ್ದೂ ಆಯಿತು. “ಬೆಂಕಿ ಬಿದ್ರೆ ಯಾರಮ್ಮ ಜವಾಬ್ದಾರಿ?” ಎಂದು ಕೈಯಾಡಿಸಿ ಕಳಿಸಿದರು.

“ಹರಾಜಿನವರದ್ದಷ್ಟೇ ಎತ್ಕೊಳ್ಳಿ ಅತ್ತಿಗೆ, ಉಳಿದದ್ದು ಯಾಕೆ?” ಎಂದು ನಾನು ಬುದ್ಧಿವಂತಿಕೆ ತೋರಿಸಿದೆ.

“ಬರಲ್ಲ ಕಣೇ. ಈ ಪ್ರೋಗ್ರಾಂ ಎಲ್ಲರ ದನಿಯನ್ನೂ ಒಂದೇ ಗಂಟಲ್ಲಿ ಕಟ್ಟಿಡುತ್ತೆ. ಒಂಬತ್ತು ವರ್ಷದ್ದು. ಆ ಗಂಟು ಬಿಚ್ಚೋಕೆ ಬರೋದು ಲ್ಯಾಬಿನವರಿಗೆ ಮಾತ್ರ. ಹೊತ್ರೆ ಪೂರ್ತಿ ಹೊರಬೇಕು.”

ರೀಸ್ಟಾರ್ಟ್ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. “ಅಷ್ಟು ಕಷ್ಟ ಯಾಕೆ? ಆ ಪೇಶೆಂಟನ್ನೇ ಕರೆಸಿ ಇನ್ನೊಂದ್ಸಲ ಓದಿಸಿಬಿಡಿ.”

ನನಗೆ ಮೈಯೆಲ್ಲ ಉರಿದುಹೋಯಿತು. “ಅಯ್ಯೋ ನಿನ್ನ ತಲೆಗಿಷ್ಟು! ಅವರ ದನಿ ನಿನ್ನೆ ಡಾಕ್ಟರ ತಟ್ಟೆಗೆ ಬಿತ್ತಲ್ಲೋ, ಅದನ್ನ ರೀಸ್ಟಾರ್ಟ್ ಮಾಡ್ತೀಯಾ?” ಎಂದು ಕೂಗಿದೆ. ಅತ್ತಿಗೆ ಕೂಗಲಿಲ್ಲ. ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದು, ‘ಮಂಗಳವಾರ, 31 ಗಂಟೆ’ ಎಂದು ಬರೆದರು.

ಬುಧವಾರ ಇಡೀ ದಿನ ನಡೆದದ್ದನ್ನು ನೋಡಿದ್ದರೆ ನಿಮಗೂ ತಲೆ ಚಿಟ್ಟು ಹಿಡಿಯುತ್ತಿತ್ತು. ಕೇಬಲ್ ಬದಲಿಸುವುದು, ಐದು ನಿಮಿಷ ನಡೆಸಿ ನೋಡುವುದು, ನಿಲ್ಲಿಸಿ ಬರೆಯುವುದು. ಕೇಬಲ್ ಚುಚ್ಚುವ ತೂತು ಬದಲಿಸುವುದು, ಮತ್ತೆ ಐದು ನಿಮಿಷ, ಮತ್ತೆ ಬರೆಯುವುದು. ಐದು ನಿಮಿಷಕ್ಕಿಂತ ಹೆಚ್ಚಿಲ್ಲ, ಯಾಕೆಂದರೆ ಡಿಸ್ಕಿನ ಆಯುಷ್ಯ ಎಷ್ಟಿದೆಯೋ ಯಾರಿಗೆ ಗೊತ್ತು.

“ಎಲ್ಲಾನೂ ಒಟ್ಟಿಗೇ ಬದಲಿಸಿ ನೋಡಬಾರದಾ? ಬೇಗ ಮುಗಿಯುತ್ತೆ” ಅಂದೆ.

“ಎಕ್ಸ್‌ಚೇಂಜಲ್ಲಿ ನಂಗೆ ಕಲಿಸಿದ್ದು ಅದೊಂದೇ. ಒಂದ್ಸಲಕ್ಕೆ ಒಂದೇ ತಂತಿ ಎಳೀಬೇಕು. ನಾಲ್ಕು ಎಳೆದ್ರೆ ರೋಗ ಯಾವುದರಲ್ಲಿತ್ತು ಅಂತ ಸಾಯೋವರೆಗೂ ಗೊತ್ತಾಗಲ್ಲ. ನೀನು ಹೋಗಿ ಚೀಟಿ ಕೊಡು.”

ಕೇಬಲಿನಿಂದ ಏನೂ ಆಗಲಿಲ್ಲ. ತೂತು ಬದಲಿಸಿದ್ದಕ್ಕೆ ಮೂವತ್ತಾಯಿತು. ಎಕ್ಸ್‌ರೇ ವಿಭಾಗದವರ ಕಾಲು ಹಿಡಿದು ಬ್ಯಾಕಪ್ ತುಂಬಿಸಿಕೊಳ್ಳಲು ಅವರ ಹೊಸ ಡಿಸ್ಕನ್ನು ತಂದು ಹಚ್ಚಿದರು, ಮೂವತ್ತೇ. ಹೊಸ ಸಿಸ್ಟಮಿನ ಜೊತೆ ಬಂದ ವೈರಸ್ ಕಾವಲುಗಾರ ಗಂಟನ್ನು ಇಂಚಿಂಚು ತಡಕಾಡುತ್ತಿದ್ದ, ಅವನಿಗೆ ಈ ಕಡೆ ಬರಬೇಡ ಅಂದದ್ದಕ್ಕೆ ಇಪ್ಪತ್ತಾರು. ಫೈಲುಗಳ ಪಟ್ಟಿ ಮಾಡುತ್ತ ಕೂತಿದ್ದ ಇನ್ನೊಂದು ಕೆಲಸವನ್ನು ನಿಲ್ಲಿಸಿದ್ದಕ್ಕೆ ಇಪ್ಪತ್ತನಾಲ್ಕು. ಬೆಳಿಗ್ಗೆ ಶುರುಮಾಡಿದರೆ ಸಂಜೆ ಆರರೊಳಗೆ ಮುಗಿಯಬೇಕಾದ ಕೆಲಸ, ಇನ್ನೂ ಇಡೀ ಒಂದು ದಿನದ ದೂರದಲ್ಲಿತ್ತು.

ಗುರುವಾರ ಹರಾಜಿನವರ ಹೆಂಡತಿ ನೆರೆಮನೆಯವಳ ಕೈ ಹಿಡಿದು ಕೌಂಟರಿಗೆ ಬಂದರು. “ಆ ಯಂತ್ರ ಯಾವಾಗ ಬರುತ್ತಮ್ಮ? ಕೈ ಹಿಸುಕ್ತಾರೆ, ನೀರು ಬೇಕು ಅಂತಲೋ ಬೇಡ ಅಂತಲೋ ನಂಗೆ ಗೊತ್ತಾಗಲ್ಲ. ಎಷ್ಟೋ ಹೊತ್ತು ಸುಮ್ಮನಿದ್ರೆ ಇದ್ದಾರೋ ಇಲ್ವೋ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ತೀನಿ.”

ಅಷ್ಟು ಹೊತ್ತಿಗೆ ಅತ್ತಿಗೆ ಮೆಟ್ಟಿಲಿಳಿದು ಬರುತ್ತಿದ್ದರು. ಅವರೂ ಕೇಳಿಸಿಕೊಂಡರು. “ಬರುತ್ತೆ. ನಾನು ಹೇಳಿದೀನಲ್ಲ” ಅಂದು ತಿರುಗಿ ಮೇಲೆ ಹೋದರು. ನಾನು ಹಿಂದೆಯೇ ಓಡಿದೆ. ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಅಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಭಯವಾಯಿತು.

“ಯಂತ್ರ ಕೆಟ್ರೆ ನೀವೇನ್ ಮಾಡೋಕಾಗುತ್ತೆ ಅತ್ತಿಗೆ? ಸಾಕು ಬಿಡಿ.”

“ಬಿಡ್ತೀನಿ ಅಂತ ಯಾರು ಹೇಳಿದ್ರು? ಅಳ್ತಾ ಇದೀನಿ ಅಷ್ಟೇ” ಅಂದರು. ಮೂಗು ಒರೆಸಿಕೊಂಡು ನೋಟ್‌ಬುಕ್ ಎಳೆದುಕೊಂಡರು.

ಶುಕ್ರವಾರ ಹತ್ತೂವರೆಗೆ ನಾನು ಟೀ ಫ್ಲಾಸ್ಕ್ ಹಿಡಿದು ಹೋದಾಗ ಅತ್ತಿಗೆ ಕೋಣೆಯ ನಡುವೆ ಕಣ್ಣುಮುಚ್ಚಿ ನಿಂತಿದ್ದರು. ಬ್ಯಾಕಪ್ ಓಡುತ್ತಿತ್ತು. “ಅಲ್ಲಾಡಬೇಡ” ಅಂದರು. ನಾನು ಉಸಿರು ಹಿಡಿದೆ.

“ಏನ್ ಕೇಳಿಸ್ತಿದೆ?”

“ಏನೂ ಇಲ್ಲ.”

“ಅದೇ ಕಣೇ! ಏನೂ ಇಲ್ಲ! ಇಷ್ಟು ದೊಡ್ಡ ಗಂಟು ಹೊರೋನು ಏದುಸಿರು ಬಿಡಬೇಕೋ ಬೇಡ್ವೋ? ಇದರ ಫ್ಯಾನೇ ತಿರುಗ್ತಿಲ್ಲ. ಇದು ಕೆಲಸಾನೇ ಮಾಡ್ತಿಲ್ಲ, ಮಲಗಿದೆ!” ಅಂದವರು ಇದ್ದಕ್ಕಿದ್ದಂತೆ ಹಣೆ ಹಣೆ ಚಚ್ಚಿಕೊಂಡರು. “ಮಲಗಿಸಿದ್ದು ನಾನೇ.”

ಆಗ ಸಂಗತಿ ಹೊರಬಿತ್ತು. ಹೊಸ ಸಿಸ್ಟಮ್ ಹಾಕಿದ ಮರುದಿನ ಹರಾಜಿನವರು ಮೈಕಿನ ಮುಂದೆ ಕೂತಾಗ ಕಂಪ್ಯೂಟರಿನ ಫ್ಯಾನು ಭರ್ರೋ ಎಂದು ತಿರುಗುತ್ತಿತ್ತಂತೆ. ನಮ್ಮ ಮೌನಮ್ಮನಿಗೆ ತಡೆದೀತೇ? ಸೆಟ್ಟಿಂಗಿನಲ್ಲೆಲ್ಲ ಹುಡುಕಿ, ಕರೆಂಟ್ ಉಳಿಸುವ ಒಂದು ಗುಂಡಿ ಸಿಕ್ಕಿ, ಅದನ್ನು ಒತ್ತಿದರು. ಫ್ಯಾನು ತಣ್ಣಗಾಯಿತು. ಜೊತೆಗೆ ಇಡೀ ಯಂತ್ರವೂ ತಣ್ಣಗಾಗಿ ಆಮೆಯ ನಡಿಗೆ ಹಿಡಿಯಿತು. ಒಂಬತ್ತು ದಿನ ಓದಿಸುವಾಗ ಅದು ಯಾರಿಗೂ ಗೊತ್ತಾಗಲಿಲ್ಲ, ದನಿ ಹಿಡಿಯುವುದು ಹಗುರ ಕೆಲಸ. ಕೇಬಲನ್ನು ಅನುಮಾನಿಸಿದರು, ಡಿಸ್ಕನ್ನು ಅನುಮಾನಿಸಿದರು, ರೀಸ್ಟಾರ್ಟನ ಏಳು ತಲೆಮಾರನ್ನು ಅನುಮಾನಿಸಿದರು. ಕೋಣೆ ಸದ್ದಿಲ್ಲದೆ ಇರುವುದೇ ತಪ್ಪು ಎಂದು ಅವರಿಗೆ ಹೊಳೆಯುವುದಾದರೂ ಹೇಗೆ?

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಾ ಇದ್ದೆ ಮೂರು ದಿನದಿಂದ” ಎನ್ನುತ್ತ ಆ ಗುಂಡಿಯನ್ನು ತೆಗೆದರು.

ಫ್ಯಾನು ಒಮ್ಮೆ ಕೆಮ್ಮಿ ಭರ್ರೆಂದು ಎದ್ದಿತು. ಪರದೆಯ ಮೇಲಿನ ಅಂಕಿ ಇಪ್ಪತ್ತನಾಲ್ಕರಿಂದ ಒಂಬತ್ತಕ್ಕೆ ಬಿತ್ತು, ಒಂಬತ್ತರಿಂದ ಎರಡಕ್ಕೆ, ಕೊನೆಗೆ ಒಂದು ಗಂಟೆ ಹತ್ತು ನಿಮಿಷಕ್ಕೆ ಬಂದು ನಿಂತಿತು. ನಾನು ಕುಣಿದೆ. ಅತ್ತಿಗೆ ಕುಣಿಯಲಿಲ್ಲ, ಪೆಟ್ಟಿಗೆಗೆ ಕಿವಿ ಕೊಟ್ಟು ಕೂತರು. ಫ್ಯಾನಿನ ಸದ್ದಿನೊಳಗೂ ಅವರಿಗೆ ಆ ಟಿಕ್ ಟಿಕ್ ಕೇಳುತ್ತಿತ್ತಂತೆ. ಎಂಬತ್ತಮೂರು ಪರ್ಸೆಂಟಿಗೆ ಅಂಕಿ ನಿಂತೇಹೋಯಿತು. ಅತ್ತಿಗೆ ನನ್ನ ಕೈ ಹಿಡಿದರು, ಉಗುರು ನಾಟಿತು. ಎಷ್ಟು ಹೊತ್ತಾಯಿತೋ, ಎಂಬತ್ತನಾಲ್ಕು ಬಂತು. ಹನ್ನೆರಡು ಗಂಟೆಯ ಹೊತ್ತಿಗೆ ಗಂಟು ಪೂರ್ತಿ ಹೊರಗೆ ಬಂತು.

ಕೂಡಲೇ ಎರಡನೇ ಪ್ರತಿ ಮಾಡಿಸಿದರು. ಮೂರನೆಯದಕ್ಕೆ ಕೈ ಹಾಕಿದಾಗ ಡಿಸ್ಕು ಕರಕರ ಅಂದು ಪ್ರಾಣ ಬಿಟ್ಟಿತು.

ಅತ್ತಿಗೆ ತಾವೇ ಕಂಪ್ಯೂಟರ್ ವಿಭಾಗಕ್ಕೆ ಹೋಗಿ ಹೇಳಿದರು: “ತಪ್ಪು ನಿನ್ನ ಸಿಸ್ಟಮ್ಮಿಂದಲ್ಲಪ್ಪ, ನಂದು.” ನಾನಾಗಿದ್ದರೆ ಸತ್ತರೂ ಒಪ್ಪುತ್ತಿರಲಿಲ್ಲ. ಆ ಪುಣ್ಯಾತ್ಮ ಬೀಗುತ್ತ, “ನಾನು ಮೊದಲೇ ಹೇಳಿದ್ದೆ ಅಲ್ವಾ, ರೀಸ್ಟಾರ್ಟ್ ಮಾಡಿ ಅಂತ” ಅಂದನಂತೆ.

ಐದು ವಾರದ ಮೇಲೆ ಲ್ಯಾಬಿನಿಂದ ಯಂತ್ರ ಬಂತು. ಹರಾಜಿನವರು ಕತ್ತಿಗೆ ಬಟ್ಟೆ ಸುತ್ತಿಕೊಂಡು, ಅರ್ಧಕ್ಕರ್ಧ ಇಳಿದುಹೋಗಿ, ಹೆಂಡತಿಯ ಜೊತೆ ಸ್ಪಂಜಿನ ಕೋಣೆಗೆ ಬಂದರು. ನಾನು ಕೌಂಟರಿಗೆ ಹತ್ತು ನಿಮಿಷದ ಫಲಕ ನೇತುಹಾಕಿ ಹೋಗಿದ್ದೆ. ಅತ್ತಿಗೆ ಯಂತ್ರವನ್ನು ಅವರ ತೊಡೆಯ ಮೇಲಿಟ್ಟು, ಎಲ್ಲಿ ಒತ್ತಬೇಕು ಎಂದು ತೋರಿಸಿದರು. ಅವರು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿ ಗುಂಡಿ ಒತ್ತಿದರು.

“ನಾನು ಮಾತಾಡುತ್ತಿದ್ದೇನೆ. ನೀನು ಹೇಗಿದ್ದೀಯ?” ಎಂದಿತು ಯಂತ್ರ. ಅದೇ ಒಡಕು ದನಿ, ಅದೇ ಮಾರುಕಟ್ಟೆಯ ಗತ್ತು. ನನ್ನ ಕಣ್ಣು ತುಂಬಿತು.

ಆಕೆ ಮಾತ್ರ ಅವರ ತೋಳಿನಿಂದ ಕೈ ತೆಗೆದುಬಿಟ್ಟರು. “ಯಾರಿದು? ದನಿಯೇನೋ ಅವರದ್ದೇ. ಮನುಷ್ಯ ಅವರಲ್ಲ. ಮದುವೆಯಾಗಿ ನಲವತ್ತೊಂದು ವರ್ಷ ಆಯ್ತು, ಹೇಗಿದ್ದೀಯ ಅಂತ ಅವರು ಒಂದ್ಸಲನೂ ಕೇಳಿಲ್ಲ.”

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಹರಾಜಿನವರು ಹೆಂಡತಿಯನ್ನು ನೋಡಿದರು, ಹುಬ್ಬು ಗಂಟಿಕ್ಕಿದರು, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಟೈಪ್ ಮಾಡಿದರು.

“ಬಾಯ್ಮುಚ್ಚೇ. ಕೊಡೆ ಎಲ್ಲಿ ಬಿಟ್ಟೆ?”

ಆಕೆ ಬೆಚ್ಚಿಬಿದ್ದು ತಮ್ಮ ಖಾಲಿ ಕೈ ಮುಟ್ಟಿ ನೋಡಿಕೊಂಡರು. “ಅಯ್ಯೋ, ಆಟೋದಲ್ಲೇ ಉಳೀತು ಕಣ್ರೀ!” ಅಂದರು. ಅಂದ ಮೇಲೆ ಬಾಯಿ ತೆರೆದೇ ಉಳಿಯಿತು. ತಡಕಾಡಿ ಗಂಡನ ಎರಡೂ ಕೈ ಹಿಡಿದುಕೊಂಡು, ಯಂತ್ರದ ಮೇಲೆಲ್ಲ ಕಣ್ಣೀರು ಬೀಳಿಸುತ್ತ, “ಬೈರಿ, ಇನ್ನೊಂದ್ಸಲ ಬೈರಿ” ಅಂದರು.

ಹರಾಜಿನವರು ಬೈದರು.