ಅಕ್ಕ ಇಲ್ಲ ಅಂದಿದ್ದೆ

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಕೆಮ್ಮು ಬಂತು. ಬಿಳಿ ಕಾಲರಿನ ಮೇಲೆ ಕೆಂಪು ಚುಕ್ಕೆ. ಸೂಜಿ ಚುಚ್ಚಿರಬೇಕು ಎಂದು ಬೆರಳು ನೋಡಿಕೊಂಡೆ. ಬೆರಳಿಗೆ ಏನೂ ಆಗಿರಲಿಲ್ಲ.

ಟಿಬಿ.

"ಮಾಮೂಲಿ ಮಾತ್ರೆಗೆ ಬಗ್ಗೋ ಟಿಬಿ ಅಲ್ಲಮ್ಮ ಇದು. ಅಡ್ಮಿಟ್ ಆಗ್ಬೇಕು. ಮನೇಲಿ ಮಕ್ಕಳಿದ್ದಾರಾ?" ಎಂದರು ಡಾಕ್ಟರು. ಇದ್ದಳು. ಏಳು ವರ್ಷದ ಸಿಂಚನ. ಪುಣ್ಯಕ್ಕೆ ಅವಳಿಗೆ ಅಂಟಿರಲಿಲ್ಲ. ಅವಳಪ್ಪ ಅವಳಿಗೆ ಹಲ್ಲು ಬರುವ ಮೊದಲೇ ಮನೆ ಬಿಟ್ಟವನು. ಅವನ ಸುದ್ದಿ ಇಲ್ಲಿ ಬೇಡ.

ತಿಲಕ್ ನಗರದ ನಮ್ಮ ವಠಾರದಲ್ಲಿ ಎದುರು ಮನೆಯ ಶಾಂತಮ್ಮ ಇಂಥ ವಿಷಯಗಳಿಗೆ ವಕೀಲರಿದ್ದ ಹಾಗೆ. ರೇಷನ್ ಕಾರ್ಡು, ಹಾಸ್ಟೆಲ್ ಸೀಟು, ಯಾವುದಕ್ಕೆ ಎಷ್ಟು ಅಳಬೇಕು ಎಂಬುದೆಲ್ಲ ಅವರಿಗೆ ಗೊತ್ತು.

"ಮಕ್ಕಳ ಕಲ್ಯಾಣ ಕಮಿಟಿ ಮುಂದೆ ಹೋಗು, ನಿಂಗೆ ಹುಷಾರಾಗೋವರೆಗೂ ಮಗೂನ ಸರ್ಕಾರದ ಹೋಮ್‌ನಲ್ಲಿ ಇಟ್ಕೋತಾರೆ. ಅಕ್ಕ ಇದ್ದಾಳೆ ಅಂತ ಮಾತ್ರ ಬಾಯಿ ಬಿಡಬೇಡ. ಅವಳ ಹತ್ರನೇ ಬಿಡಿ ಅಂತ ವಾಪಸ್ ಕಳಿಸ್ತಾರೆ."

ನನ್ನಕ್ಕ ರತ್ನ ಬಿಟಿಎಂನ ಒಂದು ಪಿಜಿಯಲ್ಲಿ ಅಡುಗೆಯವಳು. ಅಲ್ಲೇ ಸಾಮಾನಿನ ಕೋಣೆಯಲ್ಲಿ ಮಲಗುತ್ತಿದ್ದಳು. ಅಲ್ಲಿಗೆ ಮಗುವನ್ನು ಸೇರಿಸುತ್ತಿರಲಿಲ್ಲ. ಹಾಗಾಗಿ ಇದು ಅಂಥ ದೊಡ್ಡ ಸುಳ್ಳೇನಲ್ಲ ಎಂದುಕೊಂಡೆ.

ಮಾಸ್ಕ್ ಹಾಕಿಕೊಂಡು, ಸಿಂಚನಳನ್ನು ಹೊಸ್ತಿಲ ಆಚೆ ಕೂರಿಸಿ ಪಾಠ ಒಪ್ಪಿಸಿಕೊಂಡೆ.

"ದೊಡ್ಡಮ್ಮ ಇದ್ದಾರಾ?"

"ಇದ್ದಾರೆ."

"ಇಲ್ಲ ಅನ್ನಬೇಕು! ಇದ್ದಾರೆ ಅಂದ್ರೆ ಅಮ್ಮನಿಗೆ ಹುಷಾರಾಗಲ್ಲ."

ನನ್ನ ಬಾಯಿಗೆ ಹುಳ ಬೀಳ.

ಕಮಿಟಿ ಮುಂದೆ ಇಬ್ಬರೂ ಒಂದೇ ಮಾತು ಹೇಳಿದೆವು. ಬರೆದುಕೊಂಡರು. ಸಹಿ ಹಾಕಿದೆ. ಸೀಟು ಸಿಕ್ಕಿತೆಂದು ಖುಷಿಯೂ ಪಟ್ಟೆ.

ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ವಾಂತಿ. ಕಾಲು ಜೋಮು. ಔಷಧಿಗೆ ಮುಖವೆಲ್ಲ ಕಪ್ಪಿಟ್ಟಿತು. ಅಕ್ಕ ಆಸ್ಪತ್ರೆಗೆ ಗಂಜಿ ತರುತ್ತಿದ್ದಳು, ಆದರೆ ಮಗುವನ್ನು ನೋಡಲು ಒಮ್ಮೆಯೂ ಹೋಗುವಂತಿರಲಿಲ್ಲ. ಇಲ್ಲದ ದೊಡ್ಡಮ್ಮ ಯಾವ ಮುಖ ಹೊತ್ತು ಹೋದಾಳು?

ಮಾತ್ರೆ ಇನ್ನೂ ಮುಗಿದಿರಲಿಲ್ಲ, ಆದರೂ ಕೊನೆಗೆ ಕಫದಲ್ಲಿ ರೋಗಾಣು ಇಲ್ಲ ಎಂದು ರಿಪೋರ್ಟ್ ಬಂತು. ಅದನ್ನು ಹಿಡಿದುಕೊಂಡು ಮಗಳನ್ನು ಕೇಳಲು ಓಡಿದೆ.

"ಮತ್ತೆ ಮಲಗಿಬಿಟ್ರೆ ಮಗೂನ ಯಾರಮ್ಮ ನೋಡ್ಕೋತಾರೆ? ಬಂಧುಗಳು ಯಾರೂ ಇಲ್ಲ ಅಂತ ನೀವೇ ಬರೆಸಿದ್ದೀರಲ್ಲ," ಎಂದರು ಕಮಿಟಿಯ ಮೇಡಂ.

"ಅಕ್ಕ ಇದ್ದಾಳೆ ಮೇಡಂ."

ಅವರು ಫೈಲ್ ಮುಚ್ಚಿ ನನ್ನನ್ನೇ ನೋಡಿದರು. "ಅವತ್ತೇ ಹೇಳಿದ್ರೆ ಮಗೂನ ಕಳಿಸೋ ಅಗತ್ಯಾನೇ ಇರ್ಲಿಲ್ಲ. ನಿಮ್ಮಕ್ಕ ಬಂದು ನಿಮ್ಮನೇಲೇ ನೋಡ್ಕೊಳ್ಳೋ ಹಾಗಿದ್ರೆ ತಿಂಗಳಿಗಿಷ್ಟು ಅಂತ ಸಹಾಯ ಕೇಳಬಹುದಿತ್ತು. ಮಗು ಮನೆಯವರ ಹತ್ರ ಇರ್ಲಿ ಅಂತಾನೇ ರೂಲ್ಸ್ ಇರೋದು."

ಅಂಥ ರೂಲ್ಸ್ ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಇರುವ ಕಷ್ಟಕ್ಕೆ ಇನ್ನೊಂದಿಷ್ಟು ಸೇರಿಸಿ ಹೇಳಿದರೆ ಮಾತ್ರ ಮೇಜಿನ ಆಚೆ ಕೂತವರು ತಲೆ ಎತ್ತುತ್ತಾರೆ ಎಂಬುದನ್ನು ಇಷ್ಟು ವರ್ಷ ಸಾಲಿನಲ್ಲಿ ನಿಂತು ನಿಂತು ಕಲಿತವರು ನಾವು. ನಿಜ ಹೇಳಿದರೂ ಏನಾದರೂ ಸಿಗಬಹುದು ಎಂಬ ಯೋಚನೆಯೇ ಬರಲಿಲ್ಲ.

ಅಕ್ಕ ಪಿಜಿ ಬಿಟ್ಟು ನನ್ನ ಮನೆಗೆ ಬಂದಳು. ವಿಚಾರಣೆಯ ದಿನ ಇಬ್ಬರೂ ಹೋದೆವು. ಅಕ್ಕನ ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ. ಸಿಂಚನಳನ್ನು ಕರೆತಂದರು. ಎತ್ತರವಾಗಿದ್ದಳು. ಕೂದಲು ಕತ್ತರಿಸಿದ್ದರು.

"ಇವರು ಯಾರು ಪುಟ್ಟಿ?" ಮೇಡಂ ಅಕ್ಕನನ್ನು ತೋರಿಸಿದರು.

ಮಗು ಅಕ್ಕನನ್ನು ನೋಡಿತು. ನನ್ನ ಕಪ್ಪಿಟ್ಟ ಮುಖ ನೋಡಿತು.

"ಗೊತ್ತಿಲ್ಲ."

"ನಿಂಗೆ ದೊಡ್ಡಮ್ಮ ಇದ್ದಾರಾ?"

"ಇಲ್ಲ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ಹೇಳು ಕಂದ, ಈಗ ಹೇಳಬಹುದು," ಎಂದೆ. ಮೇಡಂ ಕೈ ಅಡ್ಡ ಹಿಡಿದರು. "ನೀವು ಹೇಳಿಕೊಡಬೇಡಿ." ಆಫೀಸರು ಮನೆಗೆ ಬಂದು ನೋಡಿ ವರದಿ ಕೊಡಬೇಕು, ಆಮೇಲೆ ನೋಡೋಣ ಎಂದರು. ಗದರಲಿಲ್ಲ. ಬಾಗಿಲು ಪೂರ್ತಿ ಮುಚ್ಚಲಿಲ್ಲವಲ್ಲ, ಅಷ್ಟಕ್ಕೆ ಕೈ ಮುಗಿದೆ.

ಹೊರಡುವಾಗ ಸಿಂಚನ ಓಡಿಬಂದು ನನ್ನ ಸೊಂಟ ತಬ್ಬಿದಳು. ಬಗ್ಗಿದೆ. ಕಿವಿಯಲ್ಲಿ ಪಿಸುಗುಟ್ಟಿದಳು.

"ಅಮ್ಮ, ನಾನು ಹೇಳ್ಲೇ ಇಲ್ಲ. ನಿಂಗೆ ಹುಷಾರಾಗುತ್ತಲ್ವಾ?"

ಹೂಂ ಎಂದೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ.