ಇಪ್ಪತ್ತಾರನೇ ಸಾಲು, ಎಡಗಡೆ

ವಿಮಾನ ಕಂಪನಿ ನಮ್ಮ ಗಾಜಕ್ಕನಿಗೆ ಇನ್ನೂ ಒಂದು ಕಿಟಕಿ ಬಾಕಿ ಉಳಿಸಿಕೊಂಡಿದೆ.

ಗಾಜಕ್ಕ ಅಂದರೆ ಇಳಿದ ವಿಮಾನದೊಳಗೆ ಹತ್ತಿ, ಕಸ ಬಳಿದು, ಕಿಟಕಿ ಒರೆಸುವ ಹೆಂಗಸು. ಇಪ್ಪತ್ತೊಂದು ವರ್ಷ ಅದೇ ಕೆಲಸ. ಸಾವಿರಾರು ವಿಮಾನ ಹತ್ತಿ ಇಳಿದಳು. ಒಂದೂ ಅವಳನ್ನು ಹೊತ್ತುಕೊಂಡು ಮೇಲೇಳಲಿಲ್ಲ.

ಅವಳ ಅಣ್ಣ ಸುರಂಗ ಕೊರೆಯುವ ಕೆಲಸಕ್ಕೆ ಹೋದವನು. ಬೆಟ್ಟ ಕುಸಿಯಿತು. ಗುತ್ತಿಗೆದಾರ ಹೆಣ ತೆಗೆಸಲಿಲ್ಲ. ಸುರಂಗದ ಬಾಯಿಗೆ ಸಿಮೆಂಟು ಮೆತ್ತಿ, ದಾರಿಗೆ ಬೇಲಿ ಹಾಕಿಸಿದ. ಆ ಎರಡು ಕೋಡಿನ ಬೆಟ್ಟವನ್ನು ಈಗ ನೋಡಬೇಕೆಂದರೆ ಆಕಾಶದಿಂದಲೇ ನೋಡಬೇಕು.

ಹನ್ನೊಂದು ದಿನ ವಿಮಾನ ನಿಲ್ದಾಣದ ಗೇಟಿನೆದುರು ಡಾಂಬರಿನ ಮೇಲೆ ಕೂತು ಮುಷ್ಕರ ಹೂಡಿ ಕೆಲಸಗಾರರ ಸಂಘದ ನಾವು ಗಿಟ್ಟಿಸಿದ್ದರಲ್ಲಿ ಇದೂ ಒಂದು: ನಿವೃತ್ತರಾಗುವವರಿಗೆ ಒಮ್ಮೆ ವಿಮಾನದ ಟಿಕೆಟ್. ಹೋಗುವುದಕ್ಕಷ್ಟೇ. ಬರುವುದನ್ನೂ ಬರೆಸಬೇಕೆಂದು ಮಾತುಕತೆಗೆ ಕೂತ ನಮ್ಮ ತಲೆಗೆ ಹೊಳೆಯಲಿಲ್ಲ.

ಗಾಜಕ್ಕನ ಸರದಿ ಬಂತು. ಆ ಬೆಟ್ಟದ ಪಕ್ಕದಲ್ಲೇ ಹಾರಿಹೋಗುವ ವಿಮಾನ ಆರಿಸಿ, ಬೆಟ್ಟದಾಚೆಯ ಊರಿಗೆ ಟಿಕೆಟ್ ಕೇಳಿದಳು. ಕೌಂಟರಿನ ಹುಡುಗಿ ಕೇಳಿದಳು, "ಯಾವ ಕಡೆ ಹಾಕ್ಲಿ ಅಕ್ಕ?"

"ಎಡಗಡೆ ಕಿಟಕಿ. ರೆಕ್ಕೆ ಅಡ್ಡ ಬರಬಾರ್ದು. ಇಪ್ಪತ್ತಾರನೇ ಸಾಲು ಹಾಕು."

"ಅಬ್ಬಾ, ದಿನಾ ಹಾರಾಡೋರ ಥರ ಹೇಳ್ತೀರಲ್ಲ!"

"ಹಾರಿದ್ದು ಯಾರೋ, ಅವರ ಮೂಗಿನ ಗುರುತು ಒರೆಸಿದ್ದು ನಾನು ಕಣೇ. ಆ ಊರಿಂದ ಬೆಳಗಿನ ವಿಮಾನ ಬಂತು ಅಂದ್ರೆ ಎಡಗಡೆ ಗಾಜೆಲ್ಲ ಹಣೆ ಜಿಡ್ಡು, ಮಕ್ಕಳ ಜೊಲ್ಲು. ಬಲಗಡೆಗೆ ಬಟ್ಟೆ ಮುಟ್ಟಿಸೋದೇ ಬೇಡ. ಬೆಟ್ಟ ಯಾವ ಕಡೆ ಅಂತ ನಂಗೆ ನಕ್ಷೆ ಬೇಕಾ?"

"ಗಾಜಕ್ಕನ ಮುಂದೆ ಪೈಲಟ್ಟೂ ಬಚ್ಚಾ" ಎಂದು ನಾವೆಲ್ಲ ನಕ್ಕೆವು. ಒಬ್ಬರಿಗಾದರೂ ಬುದ್ಧಿ ಓಡಬೇಡವೇ? ಅವಳು ಒರೆಸಿದ್ದೆಲ್ಲ ಆ ಊರಿನಿಂದ ಬಂದ ವಿಮಾನಗಳನ್ನು. ಬರುವಾಗ ಎಡಕ್ಕೆ ಸಿಗುವ ಬೆಟ್ಟ ಹೋಗುವಾಗ ಬಲಕ್ಕೆ ಸಿಗುತ್ತದೆ.

ಮುಂದಿನದನ್ನು ಅವಳೇ ಹೇಳಿದಳು. ಎಡಗಡೆ ಬರೀ ಬಯಲು. ಮುಕ್ಕಾಲು ಗಂಟೆ ಕಳೆದ ಮೇಲೆ ಬಲಗಡೆಯಿಂದ ಯಾರೋ, "ಅಲ್ನೋಡ್ರೀ, ಎರಡು ಕೋಡು!" ಎಂದು ಕೂಗಿದರು. ಗಾಜಕ್ಕ ಬೆಲ್ಟು ಬಿಚ್ಚಿ ಎದ್ದಳು. ವಿಮಾನ ಕುಲುಕಾಡುತ್ತಿತ್ತು. ಗಗನಸಖಿ ತನ್ನ ಜಾಗದಿಂದಲೇ ಗದರಿದಳು, "ಅಮ್ಮಾ, ಕೂತ್ಕೊಳ್ಳಿ!"

"ಒಂದೇ ನಿಮಿಷ ತಾಯಿ. ನಮ್ಮಣ್ಣ ಆ ಕಡೆ ಇದಾನೆ."

"ಯಾವ ಸೀಟಲ್ಲಿ?"

ಗಾಜಕ್ಕ ಮತ್ತೆ ಕೂತಳು. ಬಲಗಡೆ ಕಿಟಕಿಯ ತುಂಬ ಒಬ್ಬ ಯಜಮಾನನ ಬೆನ್ನು. ಫೋನು ಗಾಜಿಗೊತ್ತಿ ಫೋಟೊ ಹೊಡೆಯುತ್ತಿದ್ದ. "ಸ್ವಾಮಿ, ಒಂಚೂರು ಬಗ್ತೀರಾ?" ಎಂದಳು. ಎರಡು ಸಲ ಕೇಳಿದಳು. ಅವನ ಕಿವಿಯಲ್ಲಿ ಹಾಡು. ಬೆಟ್ಟ ಹಿಂದಾಯಿತು.

ಬೆಟ್ಟದ ತಂಟೆಯೇ ಇಲ್ಲದ ಬೇರೆ ದಾರಿಯ ರೈಲು ಹಿಡಿದು ಎರಡು ದಿನಕ್ಕೆ ವಾಪಸ್ ಬಂದಳು. ಸಂಘದ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು, "ಆ ಯಪ್ಪ ಗಾಜು ಚೆನ್ನಾಗೇ ಕೊಳೆ ಮಾಡಿದಾನೆ. ಆ ಊರಲ್ಲಿ ಅದನ್ನ ಒರೆಸಿದೋಳು ಯಾರೋ, ಪಾಪ" ಎಂದಳು.

ಬರುವ ದಾರಿಯ ಸೀಟು ಕೊಡಿ ಎಂದು ಮೂರು ಅರ್ಜಿ ಹಾಕಿದೆವು. ಸೌಲಭ್ಯ ಬಳಸಿ ಮುಗಿದಿದೆ ಎಂದು ಮೂರಕ್ಕೂ ಒಂದೇ ಉತ್ತರ. ಅವಳ ಮಂಡಿಗೆ ಈಗ ಏಣಿ ಹತ್ತುವ ಶಕ್ತಿಯಿಲ್ಲ.

ಕಂಪನಿಯ ಜೊತೆ ನಮ್ಮ ಜಗಳ ಇದ್ದೇ ಇದೆ. ನಿಮ್ಮನ್ನು ಕೇಳುವುದು ಬೇರೆ. ಮುಂದಿನ ಸಲ ಕಿಟಕಿ ಪಕ್ಕ ಕೂತಾಗ ಕಿವಿಯಲ್ಲಿರುವುದನ್ನು ಕಿತ್ತಿಡಿ. ಯಾರಾದರೂ ಕೇಳಿದರೆ, ಯಾಕೆ ಏನು ಅನ್ನದೆ, ಬೆನ್ನು ಬಗ್ಗಿಸಿ.