ಡಾಕ್ಟರ ಮುಖಕ್ಕೆ ಕೆಮ್ಮಬಾರದು

ಊರಿನ ಕ್ಷಯರೋಗಿಗಳನ್ನು ಫೋನಿನಲ್ಲಿ ಡಾಕ್ಟರಿಗೆ ತೋರಿಸುವುದು ನರ್ಸಮ್ಮನ ಕೆಲಸ. ಡಾಕ್ಟರು ಇರುವುದು ಆರು ಗಂಟೆ ದಾರಿಯಾಚೆಯ ಪೇಟೆಯಲ್ಲಿ. ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ದಿಬ್ಬದ ಮೇಲೆ ಮಾತ್ರ. ಹನ್ನೊಂದು ವರ್ಷದಿಂದ ಆ ದಿಬ್ಬ ಹತ್ತಿ ಇಳಿದು ಅವಳ ಮಂಡಿ ಸವೆದಿದೆ, ಫೋನು ಎತ್ತಿ ಹಿಡಿದು ರಟ್ಟೆ ಸೋತಿದೆ.

ಇವತ್ತಿನ ಏಳನೆಯ ರೋಗಿ ದರ್ಜಿಯ ತಾಯಿ. "ಎಲ್ಲಿ, ಒಂದ್ಸಲ ಕೆಮ್ಮಿ ಅಜ್ಜಿ," ಎಂದರು ಡಾಕ್ಟರು ಫೋನಿನೊಳಗಿಂದ. ಅಜ್ಜಿ ಮರ್ಯಾದೆಯಿಂದ ಫೋನಿನ ಕಡೆಯಿಂದ ಮುಖ ತಿರುಗಿಸಿ, ಪಕ್ಕದಲ್ಲಿ ನಿಂತಿದ್ದ ನರ್ಸಮ್ಮನ ಮುಖಕ್ಕೇ ಎದೆ ಬಿರಿಯುವಂತೆ ಕೆಮ್ಮಿದಳು. ಊರಿನವರೆಲ್ಲ ಮಾಡುವುದು ಇದನ್ನೇ. ಹೇಳಿ ಹೇಳಿ ನರ್ಸಮ್ಮನಿಗೂ ಸಾಕಾಗಿತ್ತು.

ಮಾತು ಮುಗಿದು ಫೋನಿಟ್ಟ ಮೇಲೆ, ಒದ್ದೆಯಾದ ಮಾಸ್ಕು ಬದಲಿಸುತ್ತಾ ಕೇಳಿದಳು: "ಅಲ್ಲಜ್ಜಿ, ಫೋನಿನಲ್ಲಿ ಅವರಿಗೆ ರೋಗ ಅಂಟುತ್ತಾ?"

"ಅಂಟಲ್ಲ ಅಂತ ನಂಗೂ ಗೊತ್ತು. ಆದ್ರೂ ಅಷ್ಟು ದೊಡ್ಡವರ ಮುಖಕ್ಕೆ ಕೆಮ್ಮೋಕಾಗುತ್ತಾ?"

"ನನ್ನ ಮುಖಕ್ಕೆ ಆಗುತ್ತಾ?"

ಅಜ್ಜಿ ದಿಬ್ಬ ಇಳಿಯಲು ಅವಳ ಸೋತ ರಟ್ಟೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ನೀನು ನಮ್ಮವಳಲ್ವೇನೇ," ಅಂದಳು.